ಸಿಮೆಂಟ್ ಹಾಲು ಬಿರುಕಿನ ಬಾಯಲ್ಲೇ ಏಕೆ ಕಟ್ಟಿಕೊಳ್ಳುತ್ತದೆ?

ಪ್ರಶ್ನೆ: ನಾನು ಸಣ್ಣ ಮಟ್ಟದ ಕಟ್ಟಡ ಗುತ್ತಿಗೆದಾರ. ಒಂದು ಆರ್‌ಸಿಸಿ ಓವರ್‌ಹೆಡ್ ಟ್ಯಾಂಕಿನ 8 ಇಂಚಿನ ಗೋಡೆ ಕೋಲ್ಡ್ ಜಾಯಿಂಟ್ (ಗಟ್ಟಿಯಾದ ಹಳೆಯ ಕಾಂಕ್ರೀಟಿಗೆ ಹೊಸದು ಸೇರಿದ ಗೆರೆ) ಉದ್ದಕ್ಕೂ ಜಿನುಗುತ್ತಿದೆ. ಅಲ್ಲಲ್ಲಿ ಕೂದಲೆಳೆಯಂಥ ಬಿರುಕುಗಳೂ ಇವೆ. 12 ಮಿ.ಮೀ. ಒಳಅಳತೆಯ ನಿಪ್ಪಲ್ (ಗೋಡೆಯ ರಂಧ್ರದಲ್ಲಿ ಕೂರುವ ಸಣ್ಣ ಕೊಳವೆ) ಕೂರಿಸಿ, ಅರ್ಧ ಇಂಚಿನ 10 ಮೀಟರ್ ಹೋಸ್ ಹಾಕಿ, ಕೈಪಂಪಿನಿಂದ ಸಿಮೆಂಟ್ ಹಾಲು, ಅಂದರೆ ನೀರಲ್ಲಿ ಕಲಸಿದ ತೆಳು ಸಿಮೆಂಟ್ ಗ್ರೌಟ್, ಬಿಟ್ಟೆವು. ಚೀಲಕ್ಕೆ 25 ಲೀಟರ್ ನೀರು. ಎರಡು ಲೀಟರ್ ಸಲೀಸಾಗಿ ಹೋಯಿತು, ಆಮೇಲೆ ದಿಢೀರನೆ ನಿಂತು ಗೇಜ್ 2ರಿಂದ 6 ಕೆ.ಜಿ.ಗೆ (ಚದರ ಸೆಂ.ಮೀ.ಗೆ) ಏರಿತು. ನೀರನ್ನು ದುಪ್ಪಟ್ಟು ಮಾಡಿದಾಗ ಗೋಡೆಯ ಆಚೆ ಬದಿ ಬರೀ ನೀರು ಬಂತು. ನಿಪ್ಪಲ್ ಬಿಚ್ಚಿದರೆ ಒಳಗೆ ಸೀಮೆಸುಣ್ಣದಂಥ ಬಿಲ್ಲೆ. ಸಿಮೆಂಟ್ ಸೆಟ್ ಆಗುವಷ್ಟು ಹೊತ್ತಂತೂ ಆಗಿರಲಿಲ್ಲ. ಇನ್ನೂ ಹೆಚ್ಚು ಒತ್ತಡದ ಪಂಪ್ ತರಬೇಕೇ?

ಉತ್ತರ: ಬೇಡ. ಹಾಲು ನಿಂತದ್ದು ಪಂಪಿಗೆ ಶಕ್ತಿ ಸಾಲದೆ ಅಲ್ಲ. ಪಂಪು ಹಾಲಿನೊಳಗಿನ ನೀರನ್ನು ಹಿಂಡಿ ಗೋಡೆಯೊಳಕ್ಕೆ ಕಳಿಸಿದೆ, ಸಿಮೆಂಟನ್ನು ನಿಪ್ಪಲಿನಲ್ಲೇ ಬಿಟ್ಟಿದೆ. ದೊಡ್ಡ ಪಂಪು ತಂದರೆ ಇದೇ ಕೆಲಸ ಇನ್ನೂ ಬೇಗ ಆಗುತ್ತದೆ, ಅಷ್ಟೇ.

ಮೊದಲು ಆ ಎರಡು ಲೀಟರ್ ಎಲ್ಲಿ ಹೋಯಿತು ನೋಡೋಣ. ಅರ್ಧ ಇಂಚಿನ 10 ಮೀಟರ್ ಹೋಸ್ ತುಂಬಲು ಸುಮಾರು ಒಂದೂಕಾಲು ಲೀಟರ್ ಬೇಕು. ಖಾಲಿ ಹೋಸಿನಿಂದ ಶುರು ಮಾಡಿದ್ದರೆ ಗೋಡೆಗೆ ಇಳಿದದ್ದು ಮುಕ್ಕಾಲು ಲೀಟರ್ ಮಾತ್ರ. ಇನ್ನು 0.3 ಮಿ.ಮೀ. ಅಗಲದ ಬಿರುಕು 200 ಮಿ.ಮೀ. ಗೋಡೆಯನ್ನು ಪೂರ್ತಿ ಸೀಳಿದ್ದರೂ ಒಂದು ಮೀಟರ್ ಉದ್ದಕ್ಕೆ ಹಿಡಿಯುವುದು 60 ಮಿ.ಲೀ., ಒಂದು ಸಣ್ಣ ಕಾಫಿ ಲೋಟದಷ್ಟೂ ಇಲ್ಲ. ಮುಕ್ಕಾಲು ಲೀಟರ್ ಒಳಗೆ ಹೋಗಿದೆ ಎಂದರೆ ಅದು ಬಿರುಕಿಗೆ ಹೋದದ್ದಲ್ಲ. ಕೋಲ್ಡ್ ಜಾಯಿಂಟಿನಲ್ಲಿ ಕಾಂಕ್ರೀಟ್ ಸರಿಯಾಗಿ ಕೂರದೆ ಹನಿಕೂಂಬ್ ಆಗಿದೆ, ಅದರ ಪೊಳ್ಳುಗಳಿಗೆ ಹೋಗಿದೆ. ಅಂದರೆ ನಿಮ್ಮ ಗೋಡೆಯಲ್ಲಿ ಎರಡು ಬೇರೆ ಬೇರೆ ರೋಗಗಳಿವೆ, ಎರಡಕ್ಕೂ ಒಂದೇ ಹಾಲು ಸಾಗುವುದಿಲ್ಲ.

ಸಾಮಾನ್ಯ ಸಿಮೆಂಟಿನ ಕಣಗಳಲ್ಲಿ ಹೆಚ್ಚಿನವು 10–20 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಆಸುಪಾಸಿನವು. ಆದರೆ ಬಾಯಿ ಕಟ್ಟುವುದು ಸರಾಸರಿ ಕಣ ಅಲ್ಲ, ದೊಡ್ಡ ಕಣ. ನೂರರಲ್ಲಿ ಐದು ಪಾಲು ಸಿಮೆಂಟ್ 60 ಮೈಕ್ರಾನಿಗಿಂತ ದಪ್ಪ ಎಂದು ಇಟ್ಟುಕೊಳ್ಳಿ. ಗ್ರೌಟಿಂಗ್ ಎಂಜಿನಿಯರರು ಬಹುಕಾಲದಿಂದ ಬಳಸುವ ಅಳತೆಯೊಂದಿದೆ: ಬಿರುಕಿನ ಅಗಲವನ್ನು ಈ ‘ತೊಂಬತ್ತೈದರ ಗಡಿ’ಯ ಕಣದ ಗಾತ್ರದಿಂದ ಭಾಗಿಸಿ. 5ಕ್ಕಿಂತ ಹೆಚ್ಚು ಬಂದರೆ ಹಾಲು ಇಳಿಯುತ್ತದೆ. 2ಕ್ಕಿಂತ ಕಡಿಮೆ ಬಂದರೆ ಇಳಿಯುವುದೇ ಇಲ್ಲ. ನಡುವಿನದು ಜೂಜು. 0.3 ಮಿ.ಮೀ. ಬಿರುಕಿಗೆ 300 ಭಾಗಿಸು 60, ಸರಿಯಾಗಿ 5. ಗಡಿಯ ಮೇಲಿದೆ. 0.2ಕ್ಕೆ ಮೂರೂ ಚಿಲ್ಲರೆ. 0.1ಕ್ಕೆ 1.7, ಅಲ್ಲಿಗೆ ಮುಗಿಯಿತು. ನಿಮ್ಮ ಕೂದಲೆಳೆ ಬಿರುಕುಗಳಿಗೆ ಸಾಮಾನ್ಯ ಸಿಮೆಂಟನ್ನು ಯಾವ ಪಂಪೂ ತುಂಬಲಾರದು.

ಕಣ ರಂಧ್ರಕ್ಕಿಂತ ಚಿಕ್ಕದಿದ್ದರೂ ಏಕೆ ಕಟ್ಟಿಕೊಳ್ಳಬೇಕು ಎಂಬ ಪ್ರಶ್ನೆ ಸಹಜ. ಒಂಟಿ ಕಣ ದಾಟಿಹೋಗುತ್ತದೆ, ನಿಜ. ಮೂರು ನಾಲ್ಕು ದಪ್ಪ ಕಣಗಳು ಒಂದೇ ಗಳಿಗೆಯಲ್ಲಿ ಬಾಯಿಗೆ ಬಂದು ಒಂದಕ್ಕೊಂದು ಆನಿಕೊಂಡರೆ ಅಲ್ಲೊಂದು ಕಮಾನು ಕಟ್ಟುತ್ತದೆ. ಕಲ್ಲಿನ ಕಮಾನು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಭಾರ ಹೆಚ್ಚಿದಷ್ಟೂ ಕಲ್ಲುಗಳು ಬಿಗಿಯುತ್ತವೆಯೇ ಹೊರತು ಜಾರುವುದಿಲ್ಲ. ನಿಪ್ಪಲಿನ ತುದಿಯಲ್ಲಿ ಮೇಲಿನ ಭಾರ ಅಂದರೆ ನಿಮ್ಮ ಪಂಪಿನ ಒತ್ತಡ. ಗೇಜ್ 2ರಿಂದ 6ಕ್ಕೆ ಏರಿದಾಗ ಕಮಾನು ಮೂರು ಪಟ್ಟು ಬಿಗಿಯಾಯಿತು.

ಕಮಾನು ಕಟ್ಟುವುದು ಪಗಡೆಯ ಗರ ಬಿದ್ದಂತೆ. ಪ್ರತಿ ಗಳಿಗೆಯೂ ಒಂದು ಎಸೆತ. ಬಾಯಿ ಅಗಲವಿದ್ದರೆ ಆ ಗರ ಬೀಳುವುದೇ ಅಪರೂಪ, ಕಿರಿದಾಗಿದ್ದರೆ ಇಂದಲ್ಲ ನಾಳೆ ಬಿದ್ದೇ ಬೀಳುತ್ತದೆ. ‘ಇಷ್ಟು ಹೊತ್ತು ಚೆನ್ನಾಗಿಯೇ ಹೋಗುತ್ತಿತ್ತಲ್ಲ’ ಎಂದು ಕೆಲಸಗಾರರು ಹೇಳುವುದು ಇದಕ್ಕೇ. ಚೆನ್ನಾಗಿ ಹೋಗುತ್ತಿದ್ದ ಹಾಲು ತಾನಾಗಿ ದಪ್ಪವಾಗಿ ನಿಲ್ಲಲಿಲ್ಲ. ಅಷ್ಟು ಎಸೆತಗಳಲ್ಲಿ ಒಂದು ಗರ ಬಿತ್ತು.

ಒಣ ಮರಳಾಗಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಒದ್ದೆ ಹಾಲಿನಲ್ಲಿ ಎರಡನೆಯ ಹಂತ ಶುರುವಾಗುವುದೇ ಈಗ. ಕಮಾನು ಕಣಗಳನ್ನು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಮನೆಯ ಕಾಫಿ ಫಿಲ್ಟರನ್ನು ನೆನಪಿಸಿಕೊಳ್ಳಿ. ಪುಡಿಯನ್ನು ಹಗುರವಾಗಿ ಹರಡಿದರೆ ಡಿಕಾಕ್ಷನ್ ಇಳಿಯುತ್ತದೆ, ಒತ್ತಿ ಕೂರಿಸಿದರೆ ಹನಿ ಬೀಳಲೂ ಹಟ ಮಾಡುತ್ತದೆ. ಕಮಾನಿನ ಹಿಂದೆ ಬಂದ ಕಣಗಳು ಒಂದರ ಮೇಲೊಂದು ಕೂರುತ್ತವೆ, ನೀರು ಸೋಸಿ ಮುಂದೆ ಹೋಗುತ್ತದೆ, ಬಿಲ್ಲೆ ಬೆಳೆಯುತ್ತದೆ. ನೀವು ಆಚೆ ಬದಿ ಕಂಡದ್ದು ಡಿಕಾಕ್ಷನ್, ನಿಪ್ಪಲಿನಲ್ಲಿ ಕಂಡದ್ದು ಗಸಿ.

ಇದಕ್ಕೆ ಎಷ್ಟು ನೀರು ಹೋಗಬೇಕು? ಚೀಲಕ್ಕೆ 25 ಲೀಟರ್ ಹಾಕಿದ ಹಾಲಿನಲ್ಲಿ ಘನದ ಪಾಲು, ಗಾತ್ರದ ಲೆಕ್ಕದಲ್ಲಿ, ಶೇ 39. ಸಿಮೆಂಟ್ ತೂಕದ ಶೇ 30ರಷ್ಟು ಮಾತ್ರ ನೀರು ಉಳಿದರೆ ಆ ಪಾಲು ಶೇ 51ಕ್ಕೆ ಏರುತ್ತದೆ, ಹಾಲು ಚಪಾತಿ ಹಿಟ್ಟಿನ ಹದಕ್ಕೆ ಬರುತ್ತದೆ. ಲ್ಯಾಬಿನಲ್ಲಿ ವಿಕಾಟ್ ಉಪಕರಣದ ಪ್ಲಂಜರ್ ಇಳಿಸಿ ನೋಡುವ ನಾರ್ಮಲ್ ಕನ್ಸಿಸ್ಟೆನ್ಸಿಯೂ (ಸಿಮೆಂಟ್ ಹಿಟ್ಟಿನ ಪ್ರಮಾಣಿತ ಹದ) ಹೆಚ್ಚುಕಡಿಮೆ ಇದೇ. ನಿಮ್ಮ ನಿಪ್ಪಲ್ 100 ಮಿ.ಮೀ. ಉದ್ದ ಎಂದುಕೊಂಡರೆ ಅದು ಹಿಡಿಯುವುದು 11 ಮಿ.ಲೀ. ಹಾಲು. ಅದರಲ್ಲಿ ಸುಮಾರು 7 ಮಿ.ಲೀ. ನೀರು. ಹಿಟ್ಟಿನ ಹದಕ್ಕೆ ಬರಲು ಆ ಏಳರಲ್ಲಿ 3 ಮಿ.ಲೀ. ಹೊರಟುಹೋದರೆ ಸಾಕು. ಟೀ ಚಮಚದ ಅರ್ಧಕ್ಕಿಂತ ತುಸು ಹೆಚ್ಚು! ಒಣಗಿದ ಹಳೆಯ ಕಾಂಕ್ರೀಟ್ ಅಷ್ಟನ್ನು ಪಂಪಿನ ಸಹಾಯವಿಲ್ಲದೆಯೇ ಹೀರಿಕೊಳ್ಳುತ್ತದೆ.

ನೀರು ದುಪ್ಪಟ್ಟು ಮಾಡಿದ್ದೇಕೆ ಫಲಿಸಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಘನದ ಪಾಲು ಶೇ 24ಕ್ಕೆ ಇಳಿದಾಗ ಹಾಲು ತೆಳುವಾಯಿತು, ಆದರೆ 60 ಮೈಕ್ರಾನಿನ ಕಣ 60 ಮೈಕ್ರಾನೇ ಆಗಿ ಉಳಿಯಿತು. ಬಿರುಕಿಗೂ ಕಣಕ್ಕೂ ಇರುವ ಅನುಪಾತ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಮೇಲಾಗಿ ತೆಳು ಹಾಲಿನಲ್ಲಿ ಸಿಮೆಂಟ್ ತಳಕ್ಕೆ ಕೂರುತ್ತದೆ. 50 ಮೈಕ್ರಾನಿನ ಒಂಟಿ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 3 ಮಿ.ಮೀ. ಇಳಿಯುತ್ತದೆ. ದಟ್ಟ ಹಾಲಿನಲ್ಲಿ ಕಣಗಳು ಪರಸ್ಪರ ಅಡ್ಡ ಬರುವುದರಿಂದ ಈ ವೇಗ ಬಹಳ ಕಡಿಮೆ. ಹೋಸಿನ ತಗ್ಗಿನಲ್ಲಿ, ನಿಪ್ಪಲಿನ ತಳದಲ್ಲಿ ಕೂತ ಸಿಮೆಂಟ್ ಮುಂದಿನ ಸ್ಟ್ರೋಕಿಗೆ ಒಟ್ಟಿಗೆ ಎದ್ದು ಬಾಯಿಗೆ ಬರುತ್ತದೆ. ಇಷ್ಟೆಲ್ಲ ದಾಟಿ ಒಳಗೆ ಹೋದರೂ, ಹೆಚ್ಚಾದ ನೀರು ಮೇಲೆ ತೇಲಿ ಪೊಳ್ಳಿನ ಮೇಲ್ಭಾಗ ಖಾಲಿಯೇ ಉಳಿಯುತ್ತದೆ. ನೀರು ಸೋರುವುದಕ್ಕೆ ಅಷ್ಟು ದಾರಿ ಧಾರಾಳವಾಯಿತು.

ಕೈಪಂಪಿನ ಹಿಡಿಯನ್ನು ರಭಸದಿಂದ ಒತ್ತುವುದೂ ಒಂದು ತಪ್ಪು. ಇದನ್ನು ಕಣ್ಣಾರೆ ನೋಡಬೇಕಿದ್ದರೆ 100 ಗ್ರಾಂ ಕಾರ್ನ್‌ಫ್ಲೋರಿಗೆ 80 ಮಿ.ಲೀ. ನೀರು ಕಲಸಿ. ಚಮಚವನ್ನು ನಿಧಾನ ಆಡಿಸಿದರೆ ಮಜ್ಜಿಗೆ, ಎಳೆದರೆ ಕಲ್ಲು. ದಟ್ಟವಾಗಿ ತುಂಬಿದ ಕಣಗಳು ಒಂದನ್ನೊಂದು ದಾಟಬೇಕಾದರೆ ಪರಸ್ಪರ ಸರಿದು ಜಾಗ ಮಾಡಿಕೊಳ್ಳಬೇಕು. ಅವಸರಿಸಿದರೆ ಆ ಜಾಗಕ್ಕೆ ನೀರು ಬಂದು ತುಂಬುವಷ್ಟು ಸಮಯ ಸಿಗುವುದಿಲ್ಲ, ಕಣಗಳು ನೇರ ತಿಕ್ಕಾಡುತ್ತವೆ. ಸಮುದ್ರದಂಡೆಯ ಒದ್ದೆ ಮರಳಿನ ಮೇಲೆ ಕಾಲಿಟ್ಟಾಗ ಪಾದದ ಸುತ್ತ ಮರಳು ಒಣಗಿದಂತೆ ಕಾಣುತ್ತದಲ್ಲ, ಅದೂ ಇದೇ ಬಗೆಯದು. ಒತ್ತಿದ ಮರಳು ಹಿಗ್ಗಿ ಮೇಲಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಸ್ಬೋರ್ನ್ ರೆನಾಲ್ಡ್ಸ್ 1885ರಲ್ಲಿ ಇದನ್ನು ವಿವರಿಸಿದ್ದಾನೆ.

ಇನ್ನು ಕೆಲಸಕ್ಕೆ ಬರೋಣ.

ರಂಧ್ರ ಕೊರೆಯುವಲ್ಲೇ ಅರ್ಧ ಕೆಲಸ ಕೆಡುತ್ತದೆ ಎಂಬುದು ಈ ಉತ್ತರದಲ್ಲಿ ನೀವು ಗುರುತು ಹಾಕಿಕೊಳ್ಳಬೇಕಾದ ಮಾತು. ಹ್ಯಾಮರ್ ಡ್ರಿಲ್ಲಿನ ನುಣ್ಣನೆ ಧೂಳು ಬಿರುಕಿನ ಬಾಯಿಗೆ ಮೆತ್ತಿಕೊಂಡು, ಹಾಲು ಬರುವ ಮೊದಲೇ ಅಲ್ಲೊಂದು ಬಿರಡೆ ಕೂತಿರುತ್ತದೆ. ಜಾಯಿಂಟಿನ ಮೇಲೇ ನೇರ ಕೊರೆಯಬೇಡಿ. ಒಂದು ಪಕ್ಕದಿಂದ 45 ಡಿಗ್ರಿ ಓರೆಯಾಗಿ, ಗೋಡೆಯ ನಡುಮಧ್ಯದಲ್ಲಿ ಜಾಯಿಂಟನ್ನು ಕತ್ತರಿಸುವಂತೆ ಕೊರೆಯಿರಿ. ರಂಧ್ರದಿಂದ ರಂಧ್ರಕ್ಕೆ ಗೋಡೆಯ ದಪ್ಪದಷ್ಟು, ಅಂದರೆ ಸುಮಾರು 200 ಮಿ.ಮೀ. ಅಂತರವಿರಲಿ. ಪ್ರತಿ ರಂಧ್ರಕ್ಕೂ ಮೊದಲು ವ್ಯಾಕ್ಯೂಮ್, ಆಮೇಲೆ ನೀರು. ತಿಳಿನೀರು ಬರುವವರೆಗೆ ತೊಳೆಯಿರಿ. ಊದಿ ಧೂಳು ತೆಗೆಯಲು ಹೋದರೆ ಅದನ್ನು ಇನ್ನೂ ಒಳಕ್ಕೆ ತಳ್ಳಿದಂತಾಗುತ್ತದೆ.

ನಿಪ್ಪಲ್ ಕೂರಿಸಿದ ಮೇಲೆ ಮೊದಲು ಬರೀ ನೀರು ಪಂಪ್ ಮಾಡಿ, 1 ಕೆ.ಜಿ. ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಹೋಗುತ್ತದೆ ಎಂದು ಪ್ರತಿ ನಿಪ್ಪಲಿನ ಪಕ್ಕ ಸೀಮೆಸುಣ್ಣದಲ್ಲಿ ಬರೆಯಿರಿ. ಲೀಟರ್‌ಗಟ್ಟಲೆ ಹೋಗುವವು ಹನಿಕೂಂಬಿಗೆ ತೆರೆದವು. ಕಷ್ಟಪಟ್ಟು ನಾಲ್ಕು ಹನಿ ಹೋಗುವವು ಬಿರುಕಿಗೆ. ಈ ಹೊತ್ತಿಗೆ ಕಾಂಕ್ರೀಟೂ ನೀರು ಕುಡಿದು ತೃಪ್ತವಾಗಿರುತ್ತದೆ, ನಿಮ್ಮ ಹಾಲಿನ ನೀರಿಗೆ ಆಸೆಪಡುವುದಿಲ್ಲ. ನಿಂತ ನೀರನ್ನು ಕೆಳಗಿನ ನಿಪ್ಪಲಿನಿಂದ ಬಸಿದುಬಿಡಿ.

ಹಾಲಿಗೆ 10 ಕೆ.ಜಿ. ಹೊಸ ಸಿಮೆಂಟ್, 4.5 ಲೀಟರ್ ನೀರು, ಪಿಸಿಇ (ಪಾಲಿಕಾರ್ಬಾಕ್ಸಿಲೇಟ್ ಈಥರ್) ಮಾದರಿಯ ಸೂಪರ್‌ಪ್ಲಾಸ್ಟಿಸೈಸರ್ 50ರಿಂದ 100 ಗ್ರಾಂ. ಸರಿಯಾದ ಪ್ರಮಾಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಡಬ್ಬದ ಸೂಚನೆ ಓದಿ ಸಣ್ಣ ಬಕೆಟ್ಟಿನಲ್ಲಿ ಪರೀಕ್ಷಿಸಿ. ಇಷ್ಟಕ್ಕೆ ಸಿಗುವುದು ಏಳೂವರೆ ಲೀಟರ್ ಚಿಲ್ಲರೆ. ಚೀಲಗಟ್ಟಲೆ ಒಟ್ಟಿಗೆ ಕಲಸಬೇಡಿ, ಬೇಸಿಗೆಯಲ್ಲಿ ಅರ್ಧ ಗಂಟೆಯೊಳಗೆ ಮುಗಿಸಲಾಗದಷ್ಟು ಹಾಲು ದಂಡ. ಸೂಪರ್‌ಪ್ಲಾಸ್ಟಿಸೈಸರಿನ ಕೆಲಸ ಹಾಲನ್ನು ತೆಳು ಮಾಡುವುದು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಇಲ್ಲಿ ನಮಗೆ ಬೇಕಾದ್ದು ಬೇರೆ. ನೀರು ತಾಗಿದೊಡನೆ ಸಿಮೆಂಟ್ ಕಣಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ, ಬಿರುಕಿನ ಕಣ್ಣಿಗೆ ಗೊಂಚಲೂ ಒಂದೇ ದಪ್ಪ ಕಣ. ಪಿಸಿಇ ಆ ಗೊಂಚಲನ್ನು ಬಿಡಿಸಿ ಕಣವನ್ನು ಕಣವಾಗಿ ಇಡುತ್ತದೆ.

ಗೊಂಚಲು ಬಿಡಿಸಲು ರಾಸಾಯನಿಕವಷ್ಟೇ ಸಾಲದು, ಕಲಸುವ ವೇಗವೂ ಬೇಕು. ಕೋಲಿನಿಂದ ಕದಡುವುದು, ಪೇಂಟ್ ಕಲಸುವ ನಿಧಾನದ ಡ್ರಿಲ್, ಇವೆರಡೂ ಇಲ್ಲಿ ಕೆಲಸಕ್ಕೆ ಬಾರವು. ನಿಮಿಷಕ್ಕೆ 1500 ಸುತ್ತಿನ ಗ್ರೌಟ್ ಮಿಕ್ಸರ್ ಬಾಡಿಗೆಗೆ ತನ್ನಿ. ಮೊದಲು ನೀರು ಮತ್ತು ಪಿಸಿಇ, ಮಿಕ್ಸರ್ ತಿರುಗುತ್ತಿರುವಾಗಲೇ ಸಿಮೆಂಟನ್ನು ಸುರಿಯುತ್ತ ಹೋಗಿ, ಪೂರ್ತಿ ಸೇರಿದ ಮೇಲೆ 3–4 ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ತಿರುಗಿಸಿದರೆ ಹಾಲು ಬಿಸಿಯಾಗಿ ಬೇಗ ಬಿಗಿಯುತ್ತದೆ. ಪಂಪಿನ ಹಾಪರಿಗೆ ಸುರಿಯುವಾಗ 1 ಮಿ.ಮೀ.ಗಿಂತ ಚಿಕ್ಕ ಕಣ್ಣಿನ ಜಾಲರಿಯಲ್ಲಿ ಸೋಸಿ. ಮಳೆಗಾಲದಲ್ಲಿ ತೇವ ಹಿಡಿದ ಚೀಲದ ಹರಳುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಜಾಲರಿಯ ಮೇಲೆ ಉಳಿದದ್ದನ್ನು ಬೆರಳಿಂದ ಉಜ್ಜಿ ಇಳಿಸುವ ಚಾಳಿ ಇದ್ದರೆ ಅದನ್ನು ಅಲ್ಲೇ ನಿಲ್ಲಿಸಿ.

ಗೋಡೆಗೆ ಕೈ ಹಾಕುವ ಮೊದಲು ಮೂರು ಪರೀಕ್ಷೆ. ಒಂದು ಲೀಟರ್ ಹಾಲನ್ನು ತೂಗಿ, ಈ ಮಿಶ್ರಣಕ್ಕೆ ಸುಮಾರು 1.89 ಕೆ.ಜಿ. ಬರಬೇಕು. ಒಂದು ಲೀಟರ್ ಅಳತೆಯ ಜಾಡಿಯಲ್ಲಿ ಎರಡು ಗಂಟೆ ಅಲುಗಾಡಿಸದೆ ಇಡಿ, ಮೇಲೆ ತೇಲಿದ ತಿಳಿನೀರು 50 ಮಿ.ಲೀ. ದಾಟಬಾರದು. ದಾಟಿದರೆ ನೀರು ಕಡಿಮೆ ಮಾಡಿ. ಬೆಂಟೊನೈಟ್ ಎಂಬ ಉಬ್ಬುವ ಜೇಡಿಮಣ್ಣು ಸೇರಿಸುವುದಾದರೆ ಸಿಮೆಂಟ್ ತೂಕದ ಶೇ 1 ಸಾಕು, ಆದರೆ ಅದನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿರಬೇಕು, ಅಕ್ಕಿ ನೆನೆಹಾಕಿದಂತೆ.

ಮೂರನೆಯದನ್ನು ಯಾರೂ ಮಾಡುವುದಿಲ್ಲ, ಬೇಕಾದ್ದು ಮಾತ್ರ ಅದೇ. 50 ಮಿ.ಲೀ. ಸಿರಿಂಜಿನ ಮೂತಿಯನ್ನು ಪೂರ್ತಿ ಕತ್ತರಿಸಿ ಬಾಯಿ ಅಗಲ ಮಾಡಿ. ನಿಮ್ಮ ಬಿರುಕಿನ ಅಗಲಕ್ಕೆ ಹತ್ತಿರದ ಕಣ್ಣಿನ ಜರಡಿಬಟ್ಟೆ, 300 ಅಥವಾ 150 ಮೈಕ್ರಾನಿನದು, ಅದರ ಬಾಯಿಗೆ ಬಿಗಿಯಾಗಿ ಕಟ್ಟಿ. ಹಾಲು ತುಂಬಿ ನಿಧಾನ ಒತ್ತಿ. ಐವತ್ತೂ ಮಿ.ಲೀ. ಒಂದೇ ಬಣ್ಣದಲ್ಲಿ ಬಂದರೆ ಆ ಹಾಲಿಗೆ ಆ ಅಗಲ ದಾಟುವ ಯೋಗ್ಯತೆ ಇದೆ. ಹದಿನೈದಿಪ್ಪತ್ತು ಬಂದ ಮೇಲೆ ಬಣ್ಣ ತಿಳಿಯಾಗಿ, ಹೆಬ್ಬೆರಳಿಗೆ ಬಿಗಿ ತಗುಲಿ, ಬಟ್ಟೆಯ ಹಿಂದೆ ಬಿಲ್ಲೆ ಕೂತರೆ ಗೋಡೆಯೊಳಗೂ ಅದೇ ಆಗುತ್ತದೆ. ಅರ್ಧ ಗಂಟೆ ಬಿಟ್ಟು ಅದೇ ಹಾಲನ್ನು ಇನ್ನೊಮ್ಮೆ ಪರೀಕ್ಷಿಸಿ, ಹಾಲಿನ ಆಯಸ್ಸು ಎಷ್ಟೆಂದು ತಿಳಿಯುತ್ತದೆ. ಫ್ಲೋ ಕೋನಿನಲ್ಲಿ (ಹಾಲು ಇಳಿಯುವ ಹೊತ್ತನ್ನು ಅಳೆಯುವ ಲಾಳಿಕೆ) ಸರಸರನೆ ಇಳಿದ ಹಾಲು ಈ ಬಟ್ಟೆಯಲ್ಲಿ ಸಿಕ್ಕಿಬೀಳುವುದುಂಟು. ಅಮೆರಿಕದ ಪರೀಕ್ಷಾ ಮಾನದಂಡ ಎ.ಎಸ್.ಟಿ.ಎಂ. ಸಿ939ರ ಕೋನಿನ ಬಾಯಿ 12.7 ಮಿ.ಮೀ., ಅಲ್ಲಿ 60 ಮೈಕ್ರಾನಿನ ಕಣಕ್ಕೆ ಅಡ್ಡಿ ಎಲ್ಲಿಂದ ಬರಬೇಕು? ಆ ಕೋನು ಹರಿವನ್ನು ಅಳೆಯುತ್ತದೆ, ತೂರುವ ಗುಣವನ್ನಲ್ಲ.

ಪಂಪಿನಿಂದ ನಿಪ್ಪಲಿನವರೆಗೆ ಅಳತೆ ದಿಢೀರನೆ ಕಿರಿದಾಗುವ ಜಾಗ ಇರಬಾರದು. ಅರ್ಧ ಇಂಚಿನ ಹೋಸಿಗೆ 6 ಮಿ.ಮೀ. ಬುಷ್ ಸಿಕ್ಕಿಸಿದರೆ ಅದರ ಭುಜದ ಮೂಲೆಯಲ್ಲಿ ಹಾಲು ಹರಿಯದೆ ನಿಂತು ಗಟ್ಟಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಆ ಗಟ್ಟಿ ಚೂರು ಕಳಚಿ ಬಾಯಿಗೆ ಅಡ್ಡ ಬರುತ್ತದೆ. ಓರೆಯಾಗಿ ಕಿರಿದಾಗುವ ರೆಡ್ಯೂಸರ್ ಹಾಕಿ. ಹೋಸ್ 10 ಮೀಟರ್ ಏಕೆ? ಪಂಪನ್ನು ಅಟ್ಟಣಿಗೆಯ ಮೇಲೇ ಇಟ್ಟು 3 ಮೀಟರಿಗೆ ಇಳಿಸಿ. ಗೇಜನ್ನು ನಿಪ್ಪಲಿನ ಹತ್ತಿರ ಟೀ (T ಆಕಾರದ ಪೈಪ್ ಜೋಡಣೆ) ಹಾಕಿ ಕೂರಿಸಿ, ಟೀಯ ಇನ್ನೊಂದು ಬಾಯಿಂದ ಹಾಪರಿಗೆ ವಾಪಸು ಹೋಸ್ ಕೊಡಿ. ನಿಪ್ಪಲಿನಿಂದ ನಿಪ್ಪಲಿಗೆ ಬದಲಿಸುವಾಗಲೂ ಹಾಲು ಸುತ್ತುತ್ತಲೇ ಇರಲಿ. ನಿಂತ ಹಾಲು ಮತ್ತೆ ಗೊಂಚಲು ಕಟ್ಟುತ್ತದೆ.

ಹೆಚ್ಚು ನೀರು ಕುಡಿದ ನಿಪ್ಪಲುಗಳಲ್ಲಿ ಅತ್ಯಂತ ಕೆಳಗಿನದರಿಂದ ಶುರು ಮಾಡಿ. ಅರ್ಧ ಕೆ.ಜಿ.ಯಿಂದ ಆರಂಭಿಸಿ ನಿಧಾನಕ್ಕೆ 2 ಕೆ.ಜಿ.ವರೆಗೆ, ಉದ್ದ ಸ್ಟ್ರೋಕುಗಳಲ್ಲಿ. ಪಕ್ಕದ ನಿಪ್ಪಲಿನಲ್ಲಿ ಮೊದಲು ನೀರು, ಆಮೇಲೆ ಮಸುಕು ನೀರು, ಕೊನೆಗೆ ಹಾಲು ಬರುತ್ತದೆ. ಬಣ್ಣ ನೋಡಿ ಮುಚ್ಚಬೇಡಿ. ಅಳತೆಯ ಡಬ್ಬಿಯಲ್ಲಿ ಹಿಡಿದು ತೂಗಿ. ಲೀಟರಿಗೆ 1.85ರ ಮೇಲೆ ಬಂದ ಮೇಲೇ ಮುಚ್ಚಿ ಮುಂದೆ ಹೋಗಿ. 1.5 ಬಂದರೆ ಅದು ಸಿಮೆಂಟಿನಷ್ಟೇ ತೂಕದ ನೀರು ಬೆರೆತ ಹಾಲು, ಒಳಗೆಲ್ಲೋ ಸಿಮೆಂಟ್ ಸೋಸಿಹೋಗುತ್ತಿದೆ ಎಂದರ್ಥ.

ಗೇಜ್ ಏರಿ ಹರಿವು ಕುಗ್ಗಿದರೆ ಒತ್ತಡ ಹೆಚ್ಚಿಸಬೇಡಿ, ಪೂರ್ತಿ ಬಿಟ್ಟುಬಿಡಿ. ಹಾಪರಿಗೆ ವಾಪಸು ಹೋಗುವ ಹೋಸಿನ ವಾಲ್ವ್ ತೆರೆದು ಸೊನ್ನೆಗಿಳಿಸಿ, ಎರಡು ಸೆಕೆಂಡ್ ತಡೆದು ಮತ್ತೆ 2 ಕೆ.ಜಿ. ಕೊಡಿ, ಮತ್ತೆ ಬಿಡಿ. ಹೀಗೆ ಹತ್ತು ಹದಿನೈದು ಸಲ. ಒಂದೇ ದಿಕ್ಕಿನಿಂದ ತಳ್ಳುತ್ತಿರುವವರೆಗೆ ಮಾತ್ರ ಕಮಾನು ಗಟ್ಟಿ, ಭಾರ ತೆಗೆದರೆ ಕಣಗಳು ಸಡಿಲಗೊಂಡು ಉದುರುತ್ತವೆ. ನಿಮಿಷದೊಳಗೆ ಮಾಡಿದರೆ ಇದು ಬಹಳಷ್ಟು ಸಲ ಕೈಹಿಡಿಯುತ್ತದೆ. ಬಿಲ್ಲೆ ದಪ್ಪವಾದ ಮೇಲೆ ಮಾಡಿದರೆ ಪ್ರಯೋಜನವಿಲ್ಲ, ನಿಪ್ಪಲ್ ಬಿಚ್ಚಿ ತೊಳೆಯುವುದೇ ದಾರಿ.

ಹರಿವು ನಿಂತರೆ ಗೋಡೆ ತುಂಬಿತೆಂದು ಬರೆದುಕೊಳ್ಳುವುದು ಸುಲಭ. ತುಂಬಿದ್ದಕ್ಕೂ ಕಟ್ಟಿಕೊಂಡಿದ್ದಕ್ಕೂ ಗೇಜಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಕ್ಕಪಕ್ಕದ ನಿಪ್ಪಲುಗಳಲ್ಲಿ ದಟ್ಟ ಹಾಲು ಬಂದು ಆಮೇಲೆ ನಿಂತಿದ್ದರೆ ತುಂಬಿದೆ. ಏನೂ ಬಾರದೆ, ಅಥವಾ ಬರೀ ನೀರು ಬಂದು ನಿಂತಿದ್ದರೆ ಕಟ್ಟಿಕೊಂಡಿದೆ.

ಹನಿಕೂಂಬ್ ತುಂಬಿ ಮೂರು ದಿನ ಕಳೆದ ಮೇಲೆ ಬಿರುಕುಗಳ ಸರದಿ. ಇವಕ್ಕೆ ಹೊಸ ರಂಧ್ರ ಕೊರೆಯಬೇಕು, ಹಳೆಯವು ಈಗ ಮುಚ್ಚಿವೆ. ಬಿರುಕಿನ ಅಗಲವನ್ನು ಕ್ರ್ಯಾಕ್ ಕಾರ್ಡ್ (ಬೇರೆ ಬೇರೆ ದಪ್ಪದ ಗೆರೆಗಳಿರುವ ಅಳತೆ ಪಟ್ಟಿ) ಇಟ್ಟು ನಾಲ್ಕಾರು ಕಡೆ ಅಳೆದು, ಅತಿ ಕಿರಿದಾದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ಮೈಕ್ರೋಫೈನ್, ಅಂದರೆ ಅತಿ ನುಣ್ಣಗೆ ಅರೆದ, ಸಿಮೆಂಟಿನಲ್ಲಿ ದೊಡ್ಡ ಕಣಗಳೂ 15–20 ಮೈಕ್ರಾನ್ ಒಳಗಿರುತ್ತವೆ. 0.1 ಮಿ.ಮೀ. ಬಿರುಕಿಗೂ ಅನುಪಾತ 5ರಿಂದ 6.7. ಬೆಲೆ ಹಲವು ಪಟ್ಟು, ಆದರೆ ಮೀಟರಿಗೆ ಬೇಕಾಗುವುದು ಇಪ್ಪತ್ತು ಮಿ.ಲೀ. ಅಲ್ಲವೇ? ಕಣ ಸಣ್ಣದಾದಷ್ಟೂ ಗೊಂಚಲಾಗುವ ಚಟ ಹೆಚ್ಚು, ಹಾಗಾಗಿ ವೇಗದ ಮಿಕ್ಸರೂ ಪಿಸಿಇಯೂ ಇಲ್ಲಿ ಇನ್ನಷ್ಟು ಕಡ್ಡಾಯ. ಅದಕ್ಕಿಂತ ಕಿರಿದಾದ ಬಿರುಕಿಗೆ ಕಣವೇ ಇಲ್ಲದ ದ್ರವ ಬೇಕು. ಬಿರುಕು ಒಣಗಿದ್ದು ಅಲುಗಾಡದಿದ್ದರೆ ತೆಳು ಎಪಾಕ್ಸಿ, ನೀರು ಜಿನುಗುತ್ತಲೇ ಇದ್ದರೆ ಪಾಲಿಯುರೆಥೇನ್. ಕುಡಿಯುವ ನೀರಿನ ಟ್ಯಾಂಕಾದ್ದರಿಂದ ಅದಕ್ಕೆ ಯೋಗ್ಯವೆಂಬ ಪ್ರಮಾಣಪತ್ರ ಕೇಳಿ ಪಡೆದೇ ಕೊಳ್ಳಿ.

ಏಳು ದಿನ ಕ್ಯೂರಿಂಗ್ ಆದ ಮೇಲೆ ಟ್ಯಾಂಕನ್ನು ಮೊದಲ ದಿನ ಅರ್ಧ, ಮರುದಿನ ಪೂರ್ತಿ ತುಂಬಿಸಿ, ಹೊರಗೋಡೆಯಲ್ಲಿ ಒದ್ದೆ ಕಂಡ ಕಡೆಯೆಲ್ಲ ಗುರುತು ಹಾಕಿ. ಹಳೆಯ ನಿಪ್ಪಲುಗಳ ಪಕ್ಕ ಬರೆದಿಟ್ಟ ನೀರಿನ ಲೆಕ್ಕದ ಜೊತೆ ಹೋಲಿಸಿ ನೋಡಿದರೆ ಎಲ್ಲಿ ಕಟ್ಟಿಕೊಂಡಿತ್ತು, ಎಲ್ಲಿ ಮತ್ತೆ ಕೊರೆಯಬೇಕು ಎಂಬುದು ಅಲ್ಲೇ ತಿಳಿಯುತ್ತದೆ.